'ಬಹುದು' ಸಾಕು, 'ತಕ್ಕದ್ದು' ಬೇಕು

ದಿಕ್ಕಿಲ್ಲದ ಹತ್ತು ಮಕ್ಕಳನ್ನು ಸಾಕುತ್ತೇನೆಂದು ಕಡೂರಿನಲ್ಲಿ ಯಾರಾದರೂ ಒಂದು ಮನೆ ತೆರೆದರೆ, 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದನ್ನು ನೋಂದಾಯಿಸಲೇಬೇಕು. ನೋಂದಾಯಿಸದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ತಂಡ ಬಂದು ನೋಡಬೇಕು. ಆ ತಂಡದಲ್ಲಿ ಕನಿಷ್ಠ ಮೂವರಿರಬೇಕು. ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ ಆಗಿರಬೇಕು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಹತ್ತು ಮಂದಿ ಅಜ್ಜ ಅಜ್ಜಿಯರನ್ನು ಇಟ್ಟುಕೊಂಡು ತಿಂಗಳಿಗೆ ಇಷ್ಟೆಂದು ಹಣ ಪಡೆದರೆ? ಹಿರಿಯ ನಾಗರಿಕರಿಗೆಂದೇ ಇರುವ 2007ರ ಕಾಯ್ದೆಯಲ್ಲಿ ಆ ಮನೆಗೆ ಕಡ್ಡಾಯ ನೋಂದಣಿಯೂ ಇಲ್ಲ, ಮೂರು ತಿಂಗಳ ತಪಾಸಣೆಯೂ ಇಲ್ಲ.

ಕನ್ನಡದ ಕಾನೂನು ಭಾಷೆಯಲ್ಲಿ 'ತಕ್ಕದ್ದು' ಎಂದರೆ ಮಾಡಲೇಬೇಕು; 'ಬಹುದು' ಎಂದರೆ ಮನಸ್ಸಿದ್ದರೆ ಮಾಡಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಎಂಬ ಈ 2007ರ ಕಾನೂನಿನ 19ನೇ ಸೆಕ್ಷನ್ ನಿಂತಿರುವುದು 'ಬಹುದು' ಎಂಬಲ್ಲಿ. ಜಿಲ್ಲೆಗೆ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ನೆಲೆ ಕೊಡುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು. ಅವುಗಳ ಗುಣಮಟ್ಟವನ್ನು ಗೊತ್ತುಪಡಿಸಬಹುದು. ಕೇಂದ್ರದ ಮಾದರಿ ನಿಯಮಗಳಲ್ಲಿ ತಲಾ 7.5 ಚದರ ಮೀಟರ್ ಮಲಗುವ ಜಾಗ, ಊಟದ ಮನೆ ಇತ್ಯಾದಿ ಸೇರಿ 12 ಚದರ ಮೀಟರ್ ಎಂಬ ಲೆಕ್ಕವೇನೋ ಇದೆ. ಆದರೆ ಅದು 19ನೇ ಸೆಕ್ಷನ್ನಿನ ಅಡಿ ಕಟ್ಟುವ ಆಶ್ರಮಕ್ಕೆ ಅನ್ವಯಿಸುತ್ತದೆಯೇ ಹೊರತು, ಬಾಡಿಗೆ ಮನೆಯಲ್ಲಿ ಟ್ರಸ್ಟಿನ ಹೆಸರಲ್ಲಿ ನಡೆಯುವ ಆಶ್ರಮಕ್ಕಲ್ಲ.

ಈ ಕಿಂಡಿಯನ್ನು ಮುಚ್ಚುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2018ರ ಡಿಸೆಂಬರ್‌ನಲ್ಲಿ, ಹಿರಿಯರ ಹಕ್ಕುಗಳ ಕುರಿತ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ವಿವರವನ್ನು ರಾಜ್ಯಗಳಿಂದ ತರಿಸಿಕೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿತು. ಮರುವರ್ಷ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಆರೈಕೆ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡನ್ನೂ ಹೇಳಿತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು. ಅಂಗೀಕಾರ ಸಿಗದೆ, 2024ರಲ್ಲಿ 17ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು.

ಕಾನೂನಿನ ಈ ಕೊರತೆ ಬೆಂಗಳೂರಿಗಿಂತ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಿಗೆ ಹೆಚ್ಚು ತಟ್ಟುವ ಮಾತು. ಕಡೂರಿನದು ತೆಂಗು, ರಾಗಿಯ ಬಯಲು. ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ. ಭದ್ರೆಯ ಕಡೆಗೆ ಸರಿದಂತೆ ತರೀಕೆರೆಯ ಅಡಿಕೆ. ಕೆರೆ ಒಣಗಿ ತೆಂಗಿನ ಸುಳಿ ಬಾಗಿದ ವರ್ಷಗಳಲ್ಲಿ ಹುಡುಗರು ರೈಲು ಹತ್ತಿ ಬೆಂಗಳೂರು ಸೇರಿದರು. ಹಾಗೆ ಹೋದವರಿಗೆ ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಊರಲ್ಲಿ ಉಳಿದ ಅಪ್ಪನಿಗೆ ಪಾರ್ಶ್ವವಾಯು ಆದಾಗ, ಅಮ್ಮನಿಗೆ ಮರೆವು ಹತ್ತಿ ಒಲೆ ಆರಿಸುವುದೇ ನೆನಪಿಲ್ಲವಾದಾಗ, ಮಕ್ಕಳ ಕಣ್ಣು ಹೋಗುವುದು ಊರಂಚಿನ ಆಶ್ರಮದ ಬೋರ್ಡಿನತ್ತ. ಹಣವಿಲ್ಲದವರ ಕೈಯಲ್ಲಿರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ. ಆ ಹಣಕ್ಕೆ ಯಾವ ಗುಣಮಟ್ಟ ಕೇಳಲಾದೀತು?

ಗುಣಮಟ್ಟವೆಂದರೆ ಟೈಲ್ಸ್ ಹಾಕಿದ ನೆಲವಲ್ಲ. ನಿಜ ಹೇಳಬೇಕೆಂದರೆ, ನೀರು ಬಿದ್ದ ಟೈಲ್ಸೇ ಅಜ್ಜಿಯ ಸೊಂಟ ಮುರಿಯುವುದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಮ್ಮೆ ಆಳಕ್ಕಿಳಿದರೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಹಗಲು ನಾಲ್ವರು ಆಯಾಗಳಿದ್ದು ರಾತ್ರಿ ಒಬ್ಬರೇ ಉಳಿಯುವ ಕಡೆ ಈ ಕೆಲಸ ನಡೆಯುವುದಿಲ್ಲ. ಹಾಗಾಗಿ ಆಶ್ರಮ ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಕೋಣೆ ಎಂದಲ್ಲ, ರಾತ್ರಿ ಹತ್ತರ ನಂತರ ಎಷ್ಟು ಕೈಗಳಿರುತ್ತವೆ ಎಂದು.

ಊಟದ ವಿಚಾರವೂ ಹಾಗೆಯೇ. ನಮ್ಮ ಬಯಲುಸೀಮೆಯ ಹಿರಿಯರು ಹಲ್ಲಿಲ್ಲದೆಯೂ ಮುದ್ದೆ ನುಂಗಿ ಬದುಕಿದವರು. ಆದರೆ ಪಾರ್ಶ್ವವಾಯು ತಗುಲಿ ನುಂಗುವ ಶಕ್ತಿ ಕುಂದಿದವರಿಗೆ ಅದೇ ಮುದ್ದೆ ಗಂಟಲಿಗೆ ಸಿಕ್ಕಿ ಪ್ರಾಣಕ್ಕೆ ಕುತ್ತಾಗುತ್ತದೆ. ಅವರನ್ನು ಕೂರಿಸಿ, ಗಂಜಿಯನ್ನೋ ಮೆದುವಾಗಿ ಕಿವುಚಿದ ಅನ್ನವನ್ನೋ ನಿಧಾನಕ್ಕೆ ತಿನ್ನಿಸಬೇಕು. ಶುಗರ್ ಮಾತ್ರೆ ಕೊಟ್ಟು ಊಟ ತಡ ಮಾಡಿದರೆ ಸಕ್ಕರೆ ಇಳಿದು ಮೈ ಬೆವರುತ್ತದೆ, ಪ್ರಜ್ಞೆ ತಪ್ಪುತ್ತದೆ. ಮರೆವಿನ ಕಾಯಿಲೆಯವರು ಇರುಳು ಎದ್ದು ಓಡಾಡುತ್ತಾರೆ. ಅವರನ್ನು ಮಂಚಕ್ಕೆ ಕಟ್ಟುವುದು, ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಕೆಲಸಗಾರರಿಗೆ ಸುಲಭ. ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದನ್ನೂ ಔಷಧಿಯಿಂದ ಮಂಕು ಮಾಡುವುದನ್ನೂ ಅಮೆರಿಕ 1987ರಲ್ಲೇ ಕಾನೂನು ತಂದು ತಡೆಯಿತು. ಆಸ್ಟ್ರೇಲಿಯಾ ಹಿರಿಯರ ಆರೈಕೆಯ ಗುಣಮಟ್ಟದ ಬಗ್ಗೆಯೇ ಒಂದು ರಾಯಲ್ ಕಮಿಷನ್ (ಉನ್ನತ ತನಿಖಾ ಆಯೋಗ) ನೇಮಿಸಿ, ಅದರ ಅಂತಿಮ ವರದಿಯನ್ನು 2021ರಲ್ಲಿ ಪ್ರಕಟಿಸಿತು. ಹಣ, ಕಾನೂನು ಎರಡೂ ಇದ್ದ ದೇಶಗಳಲ್ಲೇ ನಿರ್ಲಕ್ಷ್ಯ ಆ ಮಟ್ಟಕ್ಕೆ ಬೆಳೆದಿತ್ತು ಎಂದಮೇಲೆ, ಯಾರೂ ಹೋಗಿ ನೋಡದ ನಮ್ಮ ಕಡೆ ಎಲ್ಲವೂ ಚೆನ್ನಾಗಿದೆ ಎಂದುಕೊಳ್ಳುವುದು ಭ್ರಮೆ.

ನೋಡದಿರುವುದಕ್ಕೆ ಸರ್ಕಾರವೊಂದೇ ಕಾರಣವಲ್ಲ, ನಮ್ಮ ನಾಚಿಕೆಯೂ ಕಾರಣ. ಹೆತ್ತವರನ್ನು ಆಶ್ರಮಕ್ಕೆ ಸೇರಿಸಿದ ಮಗ ಊರಿಗೆ ಬಂದರೆ ನೆಂಟರು ಏನಂದಾರು ಎಂದು ಕದ್ದು ಬಂದು ಕದ್ದು ಹೋಗುತ್ತಾನೆ. ಅಮ್ಮನ ತೋಳಿನ ಕಂದು ಕಲೆ ಕಣ್ಣಿಗೆ ಬಿದ್ದರೂ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ, 'ಹಾಗಾದರೆ ನೀವೇ ಕರೆದುಕೊಂಡು ಹೋಗಿ' ಎಂಬ ಉತ್ತರ ಕಾದಿರುತ್ತದೆ. ವೃದ್ಧಾಶ್ರಮವೇ ನಮ್ಮ ಸಂಸ್ಕೃತಿಗೆ ಕಳಂಕ ಎಂದು ವೇದಿಕೆಯಲ್ಲಿ ಗುಡುಗುವವರು ಒಂದನ್ನು ಗಮನಿಸಬೇಕು: ಆ ಭಾಷಣದಿಂದ ಯಾವ ಆಶ್ರಮವೂ ಮುಚ್ಚಿಲ್ಲ. ಸೇರಿಸಿದವರ ಬಾಯಿ ಮಾತ್ರ ಮುಚ್ಚಿದೆ. ಕೆಟ್ಟದಾಗಿ ನಡೆಯುವ ಆಶ್ರಮಕ್ಕೆ ಬೇಕಾದದ್ದೂ ಅದೇ.

ದೂರು ಕೊಡುವ ದಾರಿಯಾದರೂ ಇದೆಯೇ? ಮಗ ಅನ್ನ ಹಾಕದಿದ್ದರೆ ತರೀಕೆರೆಯ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅದಕ್ಕಿದೆ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 2007ರ ಕಾಯ್ದೆಯ 23ನೇ ಸೆಕ್ಷನ್ ಅಡಿ ಆ ದಾನಪತ್ರವನ್ನೂ ಅನೂರ್ಜಿತಗೊಳಿಸಬಹುದು. ಆದರೆ ಆಶ್ರಮದವರು ಮಗ್ಗುಲು ಬದಲಿಸದಿದ್ದರೆ ಈ ಕಾಯ್ದೆಯಲ್ಲಿ ಅದಕ್ಕೊಂದು ಕಲಮು ಇಲ್ಲ. ಹಣ ಕೊಟ್ಟವರು ಗ್ರಾಹಕರ ಆಯೋಗಕ್ಕೆ ಹೋಗಬಹುದೆಂಬುದು ನಿಜ. ಆದರೆ ಹಾಸಿಗೆ ಬಿಟ್ಟೇಳಲಾರದವರು ಚಿಕ್ಕಮಗಳೂರಿಗೆ ಹೋಗಿ ಕೇಸು ನಡೆಸುವುದು ಕಾಗದದ ಮೇಲಿನ ಮಾತು.

ಬಿಗಿ ಮಾಡಿದರೆ ಒಳ್ಳೆಯ ಮನಸ್ಸಿನಿಂದ ನಡೆಸುವ ಸಣ್ಣ ಆಶ್ರಮಗಳು ಬಾಗಿಲು ಹಾಕುತ್ತವೆ ಎಂಬ ಆತಂಕ ಸುಳ್ಳಲ್ಲ. ದಾನಿಗಳ ಅಕ್ಕಿ, ತೆಂಗಿನಕಾಯಿಯಲ್ಲಿ ನಡೆಯುವ ಮನೆಗೆ ಚದರ ಮೀಟರಿನ ಲೆಕ್ಕ ಹೇಳಿ ನೋಟಿಸು ಕೊಟ್ಟರೆ ಬೀದಿಗೆ ಬೀಳುವುದು ಅಲ್ಲಿರುವ ಹಿರಿಯರೇ. ಆದ್ದರಿಂದ ದಂಡಕ್ಕಿಂತ ಮೊದಲು ಪಟ್ಟಿ ಬರಲಿ. 2007ರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅದರ ಜಾರಿಯ ಹೊಣೆಯನ್ನು ಜಿಲ್ಲಾಧಿಕಾರಿಗೆ ವಹಿಸಬಹುದು. ಅವರು ಅದನ್ನು ಕೆಳಗಿನ ಅಧಿಕಾರಿಗೆ ಒಪ್ಪಿಸಬಹುದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ಹಿರಿಯರನ್ನು ಇಟ್ಟುಕೊಂಡಿರುವ ಮನೆಗಳೆಷ್ಟು, ಅಲ್ಲಿರುವವರೆಷ್ಟು, ಹಾಸಿಗೆ ಹಿಡಿದವರೆಷ್ಟು ಎಂದು ತಹಶೀಲ್ದಾರರು ಬರೆಸಿಕೊಳ್ಳಲಿ. ಬಾಲನ್ಯಾಯ ಕಾಯ್ದೆಯ ಮಾದರಿಯಲ್ಲೇ ಒಬ್ಬ ಮಹಿಳೆ, ಒಬ್ಬ ವೈದ್ಯರಿರುವ ಮೂವರ ತಂಡ ಮೂರು ತಿಂಗಳಿಗೊಮ್ಮೆ, ಹೇಳದೆ ಹೋಗಿ ಬರಲಿ. ಸರ್ಕಾರಿ ಆಸ್ಪತ್ರೆಯ ವೈದ್ಯರು ತಿಂಗಳಿಗೊಂದು ದಿನ ಅಲ್ಲಿಗೆ ಹೋಗಿ ಬಿ.ಪಿ., ಶುಗರ್ ನೋಡಿ, ಬೆನ್ನು ನೋಡಿ, ಮಾತ್ರೆಗಳ ಡಬ್ಬಿ ನೋಡಲಿ. ಗೇಟಿನ ಮೇಲೆ ಶುಲ್ಕ, ರಾತ್ರಿ ಸಿಬ್ಬಂದಿಯ ಸಂಖ್ಯೆ, ಹಿರಿಯರ ಸಹಾಯವಾಣಿ 14567 ಬರೆದ ಫಲಕವಿರಲಿ. ಚೆನ್ನಾಗಿ ನಡೆಸುವವರಿಗೆ ಇದರಿಂದ ನಷ್ಟವಿಲ್ಲ. ಅವರ ಹೆಸರಿಗೆ ಸಾಕ್ಷಿ ಸಿಗುತ್ತದೆ.

ಇನ್ನು ಮಕ್ಕಳಿಗೊಂದು ಮಾತು. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ನಾಲ್ಕೂ ಕಡೆ ರೈಲು ನಿಲ್ದಾಣವಿದೆ. ಯುಗಾದಿಗೆ ಹೋಳಿಗೆ ಡಬ್ಬಿ ಹಿಡಿದು, ಮೊದಲೇ ಫೋನು ಮಾಡಿ ಹೋಗುವ ದಿನ ಎಲ್ಲ ಆಶ್ರಮವೂ ಚೆಂದ ಕಾಣುತ್ತದೆ. ಯಾವುದೋ ಒಂದು ಮಂಗಳವಾರ, ಹೇಳದೆ, ರಾತ್ರಿ ಊಟದ ಹೊತ್ತಿಗೆ ಹೋಗಿ. ಒಳಗೆ ಬಿಡದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು. ಬಿಟ್ಟರೆ ತಟ್ಟೆ ನೋಡಿ, ಹೊದಿಕೆ ಸರಿಸಿ ಹಿಮ್ಮಡಿ ನೋಡಿ.

ಸಂಸತ್ತು 'ಬಹುದು' ಅಳಿಸಿ 'ತಕ್ಕದ್ದು' ಬರೆಯಲು ಇನ್ನೆಷ್ಟು ವರ್ಷವೋ. ಮೂರು ತಾಲ್ಲೂಕುಗಳ ಪಟ್ಟಿ ತಯಾರಿಸಿ ಎಂದು ಹೇಳಲು ಜಿಲ್ಲಾಧಿಕಾರಿಯ ಒಂದು ಪುಟದ ಆದೇಶ ಸಾಕು.