ಗ್ಯಾಸು, ಇಲ್ಲಾಂದ್ರೆ ಗರ್ಭಕೋಶ

ನಮ್ಮ ಹೆಂಗಸರ ಹೊಟ್ಟೆಗೆ ಈ ನಾಡಿನಲ್ಲಿ ಎರಡೇ ಕಾಯಿಲೆ. ಮೆಡಿಕಲ್ ಅಂಗಡಿಯವನ ಪ್ರಕಾರ ಅದು ಗ್ಯಾಸು. ದುಡ್ಡು ಎಣಿಸುವ ನರ್ಸಿಂಗ್ ಹೋಮಿನವನ ಪ್ರಕಾರ ತೆಗೆದು ಬಿಸಾಕಬೇಕಾದ ಗರ್ಭಕೋಶ. ಆ ಹೊಟ್ಟೆಯೊಳಗೆ ನಿಜವಾಗಿ ಏನಾಗಿದೆ ಎಂದು ಮುಟ್ಟಿ ನೋಡಿ ಹೇಳುವ ಮನುಷ್ಯ ಎಲ್ಲಿ ಎಂದು ನಾವು ಕೇಳುತ್ತಿದ್ದೇವೆ.

ಕ್ಯಾತ್ಸಂದ್ರ ಅಂದ್ರೆ ಹೊರಗಿನವರಿಗೆ ತಟ್ಟೆ ಇಡ್ಲಿ, ಸಿದ್ಧಗಂಗೆಯ ದಾರಿ. ಕಾರು ನಿಲ್ಲಿಸಿ ಹೊಟ್ಟೆ ತುಂಬಿಸಿಕೊಂಡು ಹೋಗುವವರು ಹೋಟೆಲಿನ ಹಿತ್ತಲಲ್ಲಿ ತಟ್ಟೆ ತೊಳೆಯುವವಳ ಹೊಟ್ಟೆಯ ಸುದ್ದಿ ಯಾಕೆ ಕೇಳ್ತಾರೆ? "ಹೊಟ್ಟೆ ಉಬ್ಬರಿಸ್ಕಂಡೈತೆ ಕಣಕ್ಕ, ಎರಡು ತುತ್ತಿಗೇ ತುಂಬ್ದಂಗಾಗ್ತದೆ, ಗಳಿಗೆಗೊಂದ್ಸಲ ಒಂದಕ್ಕೋಗ್ಬೇಕು" ಅಂತ ಅಂಥವಳು ತಿಂಗಳುಗಟ್ಟಲೆ ಪಕ್ಕದವಳಿಗೆ ಹೇಳ್ತಾಳೆ, ಡಾಕ್ಟರಿಗೆ ಹೇಳಲ್ಲ. ಹೋದರೆ ಒಂದು ದಿನದ ಕೂಲಿ ಹೋಯ್ತು. ನಾಚಿಕೆ ಬೇರೆ. ಭಯ ಎಲ್ಲಕ್ಕಿಂತ ದೊಡ್ಡದು, ಆ ಭಯಕ್ಕೆ ಕಾರಣವೂ ಉಂಟು. 2022ರ ನವೆಂಬರಿನಲ್ಲಿ ತುಮಕೂರು ಜಿಲ್ಲಾಸ್ಪತ್ರೆಯಿಂದ ತಾಯಿ ಕಾರ್ಡಿಲ್ಲ ಎಂದು ವಾಪಸಾದ ತುಂಬು ಗರ್ಭಿಣಿ ಮನೆಯಲ್ಲೇ ಹೆತ್ತು ಸತ್ತಳು, ಅವಳಿ ಕೂಸುಗಳೂ ಸತ್ತವು. ವೈದ್ಯೆ, ನರ್ಸುಗಳು ಅಮಾನತಾದರು. ಕಾರ್ಡು ಕೇಳುವ ಆಸ್ಪತ್ರೆಗಿಂತ ಮಾತ್ರೆ ಕೊಡುವ ಅಂಗಡಿಯೇ ವಾಸಿ ಅಂತ ಕೇರಿಯವರಿಗೆ ಅನ್ನಿಸಿದರೆ ತಪ್ಪು ಯಾರದು?

ಆದರೂ ಹೇಳಲೇಬೇಕು. ಉಬ್ಬರ, ಬೇಗ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ, ಕೆಳಹೊಟ್ಟೆ ನೋವು ಇವು ಎರಡು ಮೂರು ವಾರ ಬಿಡದೆ ಕಾಡಿದರೆ ಅಂಡಾಶಯದ ಪರೀಕ್ಷೆ ಆಗಬೇಕು. ಕ್ಯಾನ್ಸರೇ ಎಂದಲ್ಲ. ಗರ್ಭಕೋಶದ ಗೆಡ್ಡೆ ಇರಬಹುದು, ಹೊಟ್ಟೆಯ ಕ್ಷಯ ಇರಬಹುದು, ಲಿವರು ಕೆಟ್ಟು ನೀರು ತುಂಬಿರಬಹುದು. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಬಿಳಿ ಸೆರಗು ಹೋಗುವುದು ಹಲವು ಸಲ ಬರೀ ಸೋಂಕು, ಮಾತ್ರೆಗೆ ವಾಸಿಯಾಗುವಂಥದ್ದು. ಗರ್ಭಕೋಶದ ಬಾಯಿಯ ಕ್ಯಾನ್ಸರು ಪತ್ತೆಮಾಡುವ ಪರೀಕ್ಷೆ 30 ದಾಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಇದನ್ನು ನಮ್ಮ ಮೇಷ್ಟ್ರುಗಳು, ಹುಡುಗರು ತಿಳಿದಿರಬೇಕು. ಹೆಂಗಸರ ಕಾಯಿಲೆ ಎಂದು ಮುಖ ತಿರುಗಿಸುವ ಕ್ರಾಂತಿಕಾರಿಗಳಿಂದ ನಮಗೇನೂ ಆಗಬೇಕಿಲ್ಲ.

ಯಾಕೆಂದರೆ, ತಿಳಿಯದ ಹೊಟ್ಟೆಯನ್ನು ಏನು ಮಾಡುತ್ತಾರೆಂದು ಕಲಬುರಗಿಯಲ್ಲಿ ನೋಡಿದ್ದೇವೆ. ಹೊಟ್ಟೆನೋವು, ಬೆನ್ನುನೋವು, ಬಿಳಿ ಸೆರಗು ಎಂದು ಹೋದ ದಲಿತ ಕೇರಿಯ, ಲಂಬಾಣಿ ತಾಂಡಾದ ಹೆಂಗಸರಿಗೆ ಸ್ಕ್ಯಾನಿಂಗ್ ತೋರಿಸಿ, ಕ್ಯಾನ್ಸರಾಗ್ತದೆ, ತೆಗೆಸಿಬಿಡು ಎಂದರು. 2015ರಲ್ಲಿ ತನಿಖೆಯಾದಾಗ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ ಎರಡೂವರೆ ವರ್ಷಕ್ಕೆ 2,000ಕ್ಕೂ ಹೆಚ್ಚು ಗರ್ಭಕೋಶ ತೆಗೆದ ಲೆಕ್ಕ ಸಿಕ್ಕಿತು. ಬಹಳ ಮಂದಿ ನಲವತ್ತು ದಾಟದವರು. ರಾಣೆಬೆನ್ನೂರಿನಲ್ಲಿ ಇದೇ ಕೆಲಸ ಸರ್ಕಾರಿ ಆಸ್ಪತ್ರೆಯಲ್ಲೇ ಆಯಿತೆಂದು ದೂರಿದ ಲಂಬಾಣಿ ಹೆಂಗಸರು ಪರಿಹಾರಕ್ಕಾಗಿ ಬೀದಿಗಿಳಿಯಬೇಕಾಯಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಿತ್ತರೆ ಮೂವತ್ತಕ್ಕೇ ಮೂಳೆ ಸವೆಯಲು ಶುರು, ಹೃದಯಕ್ಕೂ ಅಪಾಯ. ಕಳೆ ಕೀಳಲು ಬಗ್ಗಬೇಕಾದ ಸೊಂಟ ಅದು. ಮೇಲೆ ಆಪರೇಷನ್ನಿನ ಸಾಲ.

ನಾವು ಮುಟ್ಟಿದ ನೀರು ಮೈಲಿಗೆ ಅನ್ನುವ ಸಮಾಜ ನಮ್ಮ ಹೆಂಗಸರ ಒಡಲಿಗೆ ಕೈಯಿಟ್ಟು ಕುಯ್ಯುವಾಗ ಮೈಲಿಗೆಯ ಮಾತೆತ್ತಲಿಲ್ಲ!

2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ 2022ರ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕೆಂದು ಹೇಳಿತು. ಅದರ ಪ್ರಕಾರ ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕು. ತುಮಕೂರಿನ ಸಮಿತಿಯಲ್ಲಿ ಯಾರಿದ್ದಾರೆ? ಎಷ್ಟು ಸಲ ಸೇರಿದ್ದಾರೆ? ನಲವತ್ತರೊಳಗಿನ ಎಷ್ಟು ಹೆಂಗಸರ ಗರ್ಭಕೋಶ ತೆಗೆದದ್ದು, ಏನು ಕಾರಣ ಬರೆದದ್ದು ಅವರ ಮುಂದೆ ಬಂದಿದೆ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಬೇಡ. ಕ್ಯಾತ್ಸಂದ್ರದ ಹುಡುಗ ಹುಡುಗಿಯರು ಈ ಮೂರು ಪ್ರಶ್ನೆ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕಳಿಸಲಿ. ಉತ್ತರ ಕೊಡಲು ಅವರಿಗೆ 30 ದಿನ.