ವಿದ್ಯುದ್ವಾಹನಗಳೂ ನಮ್ಮ ಜನರ ಉಳಿತಾಯವೂ

ಪೆಟ್ರೋಲು ಡೀಸೆಲುಗಳ ಮೋಟಾರುಗಳನ್ನು ತಯಾರಿಸಿ ಹೆಸರು ಗಳಿಸಿದ ಹಳೆಯ ಕಂಪೆನಿಗಳು ಒಂದರ ಹಿಂದೊಂದಾಗಿ ವಿದ್ಯುದ್ವಾಹನಗಳ ತಯಾರಿಕೆಗೆ ಕೈಹಾಕಿರುವುವು. ಟಾಟಾರವರು 2020ರ ಜನವರಿಯಲ್ಲಿ ನೆಕ್ಸಾನ್ ವಿದ್ಯುತ್ ಕಾರನ್ನು ಪೇಟೆಗೆ ತಂದರು. ಮಹೀಂದ್ರರವರು 2024ರ ನವೆಂಬರಿನಲ್ಲಿ ಎರಡು ಹೊಸ ಕಾರುಗಳನ್ನು ಪ್ರಕಟಪಡಿಸಿದರು. ಬಹುಕಾಲ ದೂರ ನಿಂತು ನೋಡುತ್ತಿದ್ದ ಮಾರುತಿ ಸುಜುಕಿಯವರೂ 2025ರ ಆಗಸ್ಟಿನಲ್ಲಿ ಗುಜರಾತಿನ ಹಂಸಲ್‌ಪುರದಲ್ಲಿ ಈ ಕಾರ್ಯಕ್ಕೆ ತೊಡಗಿದರು. ಇದರೊಡನೆ ಮತ್ತೊಂದು ಉತ್ಸಾಹವೂ ಬೆಳೆದಿರುವುದು. ಸಂಬಳಗಾರರೂ ನಿವೃತ್ತ ನೌಕರರೂ ಸಣ್ಣ ವರ್ತಕರೂ ತಮ್ಮ ಉಳಿತಾಯದ ಹಣದಿಂದ ಈ ಕಂಪೆನಿಗಳ ಷೇರುಗಳನ್ನು ಕೊಳ್ಳುತ್ತಿರುವರು. ಅವರನ್ನು ಪ್ರೇರಿಸುವ ಮಾತುಗಳು ಎರಡು: ಮುಂದಿನ ಕಾಲವೆಲ್ಲ ವಿದ್ಯುತ್ತಿನದು ಎಂಬುದೊಂದು, ಹಳೆಯ ಕಂಪೆನಿ ಮುಳುಗುವಂತಹುದಲ್ಲ ಎಂಬುದಿನ್ನೊಂದು. ಮೊದಲನೆಯ ಮಾತು ಬಹುಮಟ್ಟಿಗೆ ನಿಜವಾಗಬಹುದು. ಎರಡನೆಯದು ಪರೀಕ್ಷೆಗೆ ಒಳಗಾಗಬೇಕಾದುದು. ಇವೆರಡನ್ನೂ ಕೂಡಿಸಿದರೆ ಲಾಭವೆಂಬ ಮೊತ್ತವು ತಾನಾಗಿಯೇ ಬರುವುದೆಂಬುದು ಮಾತ್ರ ಅಪಾಯಕರವಾದ ಭ್ರಾಂತಿ.

ಷೇರು ಕೊಳ್ಳುವವನು ಕೊಳ್ಳುವುದೇನು? ವಿದ್ಯುತ್ ಕಾರನ್ನು ಕಂಡು ಮೆಚ್ಚಿ ಟಾಟಾ ಷೇರನ್ನು ಕೊಂಡವನು ವಾಸ್ತವವಾಗಿ ಇಂಗ್ಲೆಂಡಿನ ಜಾಗ್ವಾರ್ ಲ್ಯಾಂಡ್ ರೋವರ್ ವ್ಯಾಪಾರದಲ್ಲಿಯೇ ಹೆಚ್ಚಿನ ಪಾಲನ್ನು ಕೊಂಡಂತಾಯಿತು. 2008ರಲ್ಲಿ ಟಾಟಾರವರ ವಶಕ್ಕೆ ಬಂದ ಆ ಸಂಸ್ಥೆಯ ವಹಿವಾಟು ಇಲ್ಲಿಯ ಕಾರುಗಳ ವಹಿವಾಟಿಗಿಂತ ಬಹಳ ದೊಡ್ಡದು. 2025ರ ಅಕ್ಟೋಬರಿನಲ್ಲಿ ಲಾರಿ ಬಸ್ಸುಗಳ ವ್ಯವಹಾರವನ್ನು ಬೇರ್ಪಡಿಸಿದಾಗಲೂ ಜಾಗ್ವಾರ್ ಸಂಸ್ಥೆಯು ಕಾರುಗಳ ಕಂಪೆನಿಯ ಜತೆಯಲ್ಲಿಯೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಗಣಕಯಂತ್ರಗಳಿಗೆ ದುಷ್ಕರ್ಮಿಗಳು ನುಗ್ಗಿ ಕೆಲಸವು ವಾರಗಟ್ಟಲೆ ನಿಂತುಹೋಯಿತು. ನೆಕ್ಸಾನಿಗೆಂದು ಹಣ ತೊಡಗಿಸಿದ ನಮ್ಮ ಊರಿನ ಗೃಹಸ್ಥನೂ ಆ ನಷ್ಟದಲ್ಲಿ ಭಾಗಿಯಾದನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಹಾಸ್ಯವಲ್ಲ, ಲೆಕ್ಕ. ಹಾಗೆಯೇ ಮಹೀಂದ್ರ ಷೇರನ್ನು ಕೊಂಡವನು ಟ್ರಾಕ್ಟರುಗಳಲ್ಲಿಯೂ ಡೀಸೆಲು ಬಂಡಿಗಳಲ್ಲಿಯೂ ಪಾಲುಗಾರನು. ಮಳೆ ಬಿದ್ದರೆ ಅವನಿಗೆ ಲಾಭ, ಬೀಳದಿದ್ದರೆ ಚಿಂತೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ತಿಳಿದು ಕೊಳ್ಳಬೇಕೆಂದು ಮಾತ್ರ ಹೇಳುವೆವು.

ಹಾಗಾದರೆ ವಿದ್ಯುತ್ ಶಾಖೆಯಲ್ಲಿಯೇ ಪಾಲು ಪಡೆದವರು ಯಾರೂ ಇಲ್ಲವೆ? ಇದ್ದಾರೆ. 2021ರ ಅಕ್ಟೋಬರಿನಲ್ಲಿ ಅಮೆರಿಕದ ಟಿಪಿಜಿ ಸಂಸ್ಥೆಯು ತನ್ನ ಜತೆಗಾರರೊಡನೆ ಟಾಟಾರವರ ವಿದ್ಯುತ್ ಶಾಖೆಗೆ 7,500 ಕೋಟಿ ರೂಪಾಯಿಗಳನ್ನು ಕೊಡಲು ಒಪ್ಪಿತು. ಮಹೀಂದ್ರರವರ ವಿದ್ಯುತ್ ಶಾಖೆಗೆ 2022ರಲ್ಲಿ ಬ್ರಿಟಿಷ್ ಸರಕಾರದ ಒಡೆತನದ ಹೂಡಿಕೆ ಸಂಸ್ಥೆಯೊಂದು 1,925 ಕೋಟಿಯವರೆಗೂ, 2023ರಲ್ಲಿ ಸಿಂಗಪುರದ ಟೆಮಾಸೆಕ್ ಸಂಸ್ಥೆಯು 1,200 ಕೋಟಿಯನ್ನೂ ಕೊಡಲು ಮುಂದೆ ಬಂದುವು. ಹೊರದೇಶದ ದೊಡ್ಡ ಬಂಡವಾಳಗಾರನಿಗೆ ಶಾಖೆಯ ಬಾಗಿಲು ತೆರೆಯಿತು. ಸ್ವದೇಶದ ಸಣ್ಣ ಪಾಲುಗಾರನು ಇಡೀ ಮನೆತನದ ಸಾಲಸೋಲಗಳೊಡನೆ ಹೊರಜಗಲಿಯಲ್ಲಿಯೇ ಕುಳಿತಿರುವನು. ಅವನಿಗೆ ಬಾಗಿಲು ತೆರೆಯದಿದ್ದರೆ ಹೋಗಲಿ, ಒಳಗೆ ನಡೆಯುವ ಲೆಕ್ಕವನ್ನಾದರೂ ಕಾಣಿಸಬೇಡವೆ?

ಈ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಫೋರ್ಡ್ ಕಂಪೆನಿಯ ಉದಾಹರಣೆ ಸಾಕು. ಆ ಕಂಪೆನಿಯವರು 2022ರಲ್ಲಿ ತಮ್ಮ ವ್ಯವಹಾರವನ್ನು ವಿಭಾಗಿಸಿ ವಿದ್ಯುದ್ವಾಹನಗಳ ಲಾಭನಷ್ಟವನ್ನು ಪ್ರತ್ಯೇಕವಾಗಿ ಪ್ರಕಟಿಸಲು ನಿಶ್ಚಯಿಸಿದರು. ಆಗ ತಿಳಿದುದೇನು? ವಿದ್ಯುತ್ ವಿಭಾಗದ ನಷ್ಟವು 2023ರಲ್ಲಿ ಸುಮಾರು 470 ಕೋಟಿ ಡಾಲರುಗಳು, 2024ರಲ್ಲಿ ಸುಮಾರು 510 ಕೋಟಿ ಡಾಲರುಗಳು. ಪೆಟ್ರೋಲು ಕಾರುಗಳೂ ವ್ಯಾಪಾರಕ್ಕೆ ಬಳಸುವ ಬಂಡಿಗಳೂ ದುಡಿದು ತಂದ ಲಾಭವು ಈ ಹಳ್ಳವನ್ನು ತುಂಬುತ್ತಿದ್ದಿತು. ಕಾರು ಕೊಳ್ಳುವವರಿಗೆ ಅಲ್ಲಿಯ ಸರಕಾರವು ಕೊಡುತ್ತಿದ್ದ 7,500 ಡಾಲರುಗಳ ತೆರಿಗೆ ರಿಯಾಯಿತಿಯು 2025ರ ಸೆಪ್ಟೆಂಬರಿನ ಅಂತ್ಯಕ್ಕೆ ಕೊನೆಗೊಂಡಿತು. ಡಿಸೆಂಬರಿನಲ್ಲಿ ಫೋರ್ಡ್ ಕಂಪೆನಿಯವರು ಯೋಜನೆಗಳನ್ನು ಬದಲಿಸಿ ಸುಮಾರು 1,950 ಕೋಟಿ ಡಾಲರುಗಳನ್ನು ನಷ್ಟದ ಬಾಬಿಗೆ ಬರೆಯಬೇಕಾಗುವುದೆಂದು ತಿಳಿಸಿದರು. ಈ ಸುದ್ದಿ ಕಹಿಯಾದುದು. ಆದರೆ ಲೆಕ್ಕವು ಮೊದಲಿನಿಂದಲೂ ಬಯಲಿನಲ್ಲಿದ್ದುದರಿಂದ ಪಾಲುಗಾರನು ಕತ್ತಲೆಯಲ್ಲಿರಲಿಲ್ಲ. ನಾವು ಆ ಕಂಪೆನಿಯ ಜಾಣ್ಮೆಯನ್ನು ಹೊಗಳುವವರಲ್ಲ. ಅದರ ಲೆಕ್ಕದ ಪ್ರಾಮಾಣಿಕತೆಯನ್ನು ಹೊಗಳುವೆವು.

ಹಳೆಯದೆಂಬುದೇ ಭದ್ರತೆ ಎನ್ನುವವರು ನಮ್ಮ ಮೋಟಾರು ಉದ್ಯಮದ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ದೇಶಗಳ ಕಾರ್ಖಾನೆಗಳನ್ನು ಕಂಡುಬಂದು ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಪರಕೀಯ ಸರಕಾರವು ಅದಕ್ಕೆ ಕೈನೀಡಲಿಲ್ಲ. ಅವರೊಡನೆ ಶ್ರಮಿಸಿದ ವಾಲ್‌ಚಂದ್ ಹೀರಾಚಂದರು ಛಲಬಿಡದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪೆನಿಯನ್ನು ಕಟ್ಟಿದರು. ಬಿರ್ಲಾರವರ ಹಿಂದೂಸ್ಥಾನ್ ಮೋಟಾರ್ಸ್ 1942ರಲ್ಲಿಯೇ ಹುಟ್ಟಿದ್ದಿತು. ಇವುಗಳಿಗಿಂತ ಹಿರಿಯ ಹೆಸರು ದೇಶದಲ್ಲಿ ಯಾವುದಿತ್ತು? ಆದರೂ ಪದ್ಮಿನಿ ಕಾರು ಈ ಶತಮಾನದ ಆರಂಭದ ಹೊತ್ತಿಗೆ ಮರೆಯಾಯಿತು; ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ಷೇರುಪೇಟೆಗೆ ಸಲ್ಲದು.

ಹಾಗೆಂದು ಹೊಸ ಕಂಪೆನಿಗಳೇ ಮೇಲೆಂದು ಹೇಳುವಂತೆಯೂ ಇಲ್ಲ. ಅಮೆರಿಕದಲ್ಲಿ ಅದ್ಧೂರಿಯಿಂದ ಹೊರಟ ಫಿಸ್ಕರ್ ಎಂಬ ವಿದ್ಯುತ್ ಕಾರು ಕಂಪೆನಿಯು 2024ರ ಜೂನಿನಲ್ಲಿ ದಿವಾಳಿಯೆದ್ದಿತು. ಹಳೆಯ ಕಂಪೆನಿಗೆ ಊರೂರಿನಲ್ಲಿ ಅಂಗಡಿಗಳೂ ದುರಸ್ತಿಯ ಶಾಲೆಗಳೂ ಇರುವುವು. ಕಷ್ಟಕಾಲದಲ್ಲಿ ಕೈಹಿಡಿಯುವ ಹಳೆಯ ವ್ಯಾಪಾರವಿರುವುದು. ಆದರೆ ಅದರ ನಿಜವಾದ ನಿಧಿಯಾಗಿದ್ದ ಎಂಜಿನಿನ ವಿದ್ಯೆಗೆ ವಿದ್ಯುದ್ವಾಹನದಲ್ಲಿ ಸ್ಥಾನವೇ ಇಲ್ಲ. ಅಲ್ಲಿ ಯಜಮಾನಿಕೆ ಬ್ಯಾಟರಿಯದು. ಚೀನದ ಬಿವೈಡಿ ಕಂಪೆನಿಯು 1995ರಲ್ಲಿ ಬ್ಯಾಟರಿ ತಯಾರಕನಾಗಿ ಹುಟ್ಟಿ, 2003ರಲ್ಲಿ ಕಾರಿನ ಉದ್ಯಮಕ್ಕೆ ಇಳಿದು, 2022ರ ಮಾರ್ಚಿನಲ್ಲಿ ಕೇವಲ ಪೆಟ್ರೋಲಿನಿಂದ ಓಡುವ ಕಾರುಗಳನ್ನು ಕೈಬಿಟ್ಟಿತು. ನಮ್ಮವರು ಕಾರಿನಿಂದ ಬ್ಯಾಟರಿಗೆ ಹೋಗಬೇಕಾಗಿದೆ. ಅವರು ಬ್ಯಾಟರಿಯಿಂದ ಕಾರಿಗೆ ಬಂದರು.

ಈ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಯೂ ಉಂಟು, ವಿಷಾದವೂ ಉಂಟು. ಬೆಂಗಳೂರಿನ ಮೈನಿ ಬಳಗದವರು 2001ರಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದರು. ಅದು ಲಂಡನ್ ನಗರದ ಬೀದಿಗಳಲ್ಲಿಯೂ ಓಡಿತು. ವಿದ್ಯೆಯಿದ್ದಿತು, ಬಂಡವಾಳ ಸಾಲಲಿಲ್ಲ. 2010ರಲ್ಲಿ ಮಹೀಂದ್ರರವರು ಅದರ ಹೆಚ್ಚಿನ ಪಾಲನ್ನು ಕೊಂಡರು. 2013ರಲ್ಲಿ ಬಂದ ಇ2ಓ ಕಾರಿಗೆ ಗಿರಾಕಿಗಳು ದೊರೆತುದು ಅಲ್ಪ. ಮೊದಲಿನಿಂದಲೇ ವಿದ್ಯುತ್ತಿಗೆಂದು ರೂಪಿಸಿದ ದೊಡ್ಡ ಕಾರುಗಳು ಆ ಮನೆಯಿಂದ ಹೊರಡಲು 2024 ಬರಬೇಕಾಯಿತು. ಕೊಂಡ ಬಳಿಕ ಹದಿನಾಲ್ಕು ವರ್ಷಗಳು! ಮಗಳ ಮದುವೆಗೆಂದು ಮೂರು ವರ್ಷಗಳ ಮಟ್ಟಿಗೆ ಹಣ ಕೂಡಿಟ್ಟವನಿಗೆ ಇಷ್ಟು ಕಾಲ ಕಾಯುವ ಶಕ್ತಿಯುಂಟೆ?

ಇನ್ನು ಸ್ವದೇಶಿಯ ಮಾತು. ಮೈಕಟ್ಟು ನಮ್ಮದು, ಹೆಸರು ನಮ್ಮದು. ಬೆಲೆಯ ದೊಡ್ಡ ಭಾಗವಾದ ಬ್ಯಾಟರಿಯ ಕೋಶಗಳು ಮಾತ್ರ ಬಹುಮಟ್ಟಿಗೆ ಚೀನದಿಂದ ಬರುವುವು. ಜಗತ್ತಿನಲ್ಲಿ ಮಾರಾಟವಾಗುವ ಇಂತಹ ಬ್ಯಾಟರಿಗಳ ಮುಕ್ಕಾಲು ಪಾಲಿಗೂ ಮಿಗಿಲಾದುದು ಆ ದೇಶದ ತಯಾರಿಕೆ. 2025ರ ಏಪ್ರಿಲಿನಲ್ಲಿ ಚೀನ ಸರಕಾರವು ವಿರಳ ಲೋಹಗಳ ಅಯಸ್ಕಾಂತಗಳ ರಫ್ತಿಗೆ ಲಗಾಮು ಹಾಕಿದೊಡನೆ ನಮ್ಮ ಕಾರ್ಖಾನೆಗಳು ಕಳವಳಗೊಂಡುದನ್ನು ಕಂಡೆವು. ಭಾರತ ಸರಕಾರವು 2021ರಲ್ಲಿ ಕೋಶಗಳ ತಯಾರಿಕೆಗೆ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಘೋಷಿಸಿತು. 50 ಗಿಗಾವಾಟ್-ಗಂಟೆಗಳ ಗುರಿಯಲ್ಲಿ 2025ರ ಕೊನೆಯ ವೇಳೆಗೆ ಕಾರ್ಯರೂಪಕ್ಕೆ ಬಂದುದು ಅತ್ಯಲ್ಪ. ಹೀಗಿರುವಾಗ ದೇಶಾಭಿಮಾನದ ಹೆಸರಿನಲ್ಲಿ ಷೇರು ಕೊಳ್ಳಿರೆಂದು ಕರೆಯುವುದು ನ್ಯಾಯವಲ್ಲ. ಪೇಟೆಯಲ್ಲಿ ಕೊಂಡ ಷೇರಿನ ಹಣವು ಮಾರಿದವನಿಗೆ ಸೇರುವುದೇ ಹೊರತು ಕಾರ್ಖಾನೆಗಲ್ಲ. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಕಂಪೆನಿಯ ಷೇರುಗಳಿಗೆ ನಮ್ಮವರು ತೆತ್ತ 27,870 ಕೋಟಿ ರೂಪಾಯಿಗಳಲ್ಲಿ ಒಂದು ಕಾಸೂ ಇಲ್ಲಿಯ ಕಂಪೆನಿಯ ಬೊಕ್ಕಸಕ್ಕೆ ಬರಲಿಲ್ಲ. ಎಲ್ಲವೂ ಷೇರು ಮಾರಿದ ಕೊರಿಯಾದ ಮಾತೃಸಂಸ್ಥೆಗೆ ಹೋಯಿತು. ಇದು ಕಾನೂನಿಗೆ ಸಮ್ಮತವೇ; ಆದರೆ ಇದನ್ನು ಉದ್ಯಮದ ಪೋಷಣೆಯೆಂದು ಯಾರೂ ಭಾವಿಸದಿರಲಿ.

ಆದುದರಿಂದ ನಮ್ಮ ಸೂಚನೆ ಸ್ಪಷ್ಟವಾದುದು. ಅಂಗಸಂಸ್ಥೆಗಳ ಲೆಕ್ಕಪತ್ರಗಳನ್ನು ಪ್ರಕಟಿಸಬೇಕೆಂಬ ನಿಯಮ ಈಗಲೂ ಇರುವುದು. ಆದರೆ ಒಂದೇ ಮನೆಯ ಎರಡು ಕಂಪೆನಿಗಳು ಪರಸ್ಪರ ಕೊಡುವ ಕೊಳ್ಳುವ ಬೆಲೆಯನ್ನು ತಾವೇ ನಿಗದಿಮಾಡಿಕೊಂಡಾಗ ಲಾಭ ಎಲ್ಲಿ, ನಷ್ಟ ಎಲ್ಲಿ ಎಂಬುದು ಸಾಮಾನ್ಯ ಓದುಗನಿಗೆ ಹೇಗೆ ತಿಳಿಯಬೇಕು? ವಿದ್ಯುದ್ವಾಹನಗಳ ಮಾರಾಟ, ವೆಚ್ಚ, ಸರಕಾರದಿಂದ ಬಂದ ಸಹಾಯ, ಹೊರದೇಶದಿಂದ ತರಿಸಿದ ಕೋಶಗಳ ಮೌಲ್ಯ, ಈ ನಾಲ್ಕನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಒಂದೇ ಪುಟದಲ್ಲಿ ಬಹಿರಂಗಪಡಿಸುವಂತೆ ಸೆಬಿಯು ಕಂಪೆನಿಗಳಿಗೆ ಆಜ್ಞಾಪಿಸಲಿ. ವಿದ್ಯುತ್ ಕಾರಿಗೆ ನೂರಕ್ಕೆ 5ರಷ್ಟೇ ಜಿಎಸ್‌ಟಿಯನ್ನು ವಿಧಿಸಿ ಪ್ರಜೆಗಳ ಬೊಕ್ಕಸದಿಂದ ಈ ಉದ್ಯಮಕ್ಕೆ ನೆರವು ಕೊಡುತ್ತಿರುವಾಗ ಪ್ರಜೆಗಳಿಗೆ ಲೆಕ್ಕ ಕೇಳುವ ಹಕ್ಕಿಲ್ಲವೆನ್ನಲಾಗದು.

ಅಲ್ಲಿಯವರೆಗೆ ವಾಚಕ ಮಹಾಶಯರು ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಕಂಪೆನಿಯ ಇಂದಿನ ಲಾಭ ಎಲ್ಲಿಂದ ಬರುತ್ತಿದೆ? ಸರಕಾರದ ರಿಯಾಯಿತಿ ನಿಂತರೆ ವಿದ್ಯುತ್ ಶಾಖೆಯು ತನ್ನ ಕಾಲಮೇಲೆ ನಿಲ್ಲಬಲ್ಲುದೆ? ಹಾಕಿದ ಹಣ ಹತ್ತು ವರ್ಷ ಬಾರದಿದ್ದರೆ ನನ್ನ ಸಂಸಾರ ನಡೆಯುವುದೆ? ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತವನು ಧೈರ್ಯವಾಗಿ ಪಾಲುಗಾರನಾಗಲಿ. ಅಂಥವನಿಂದ ಉದ್ಯಮಕ್ಕೂ ಬಲ. ದೊರೆಯದವನು ತನ್ನ ಹಣವನ್ನು ಅಂಚೆಯ ಉಳಿತಾಯದಲ್ಲಿಯೇ ಇಟ್ಟರೆ ಅವನ ದೇಶಪ್ರೇಮಕ್ಕೆ ಯಾವ ಕುಂದೂ ಬಾರದು.