ಬಂಡೆಯ ಮೇಲೆ ಬರೆದ ಹೆಸರು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇರಿ ನಿಂತವರಿಗೆ ಕೋಟೆಗಿಂತ ಮೊದಲು ಕಣ್ಣು ತುಂಬುವುದು ಬಂಡೆಗಳೇ. ಒಂದರ ಮೇಲೊಂದು ಕುಳಿತವು, ಮಲಗಿದ ಆನೆಯಂತಿರುವವು, ಬೆರಳು ತಾಗಿದರೆ ಉರುಳಿಯಾವೇನೋ ಎಂಬಂತೆ ಇಳಿಜಾರಿನ ಅಂಚಿನಲ್ಲಿ ನಿಂತವು. ಇವನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಬಿರುಕುಬಿಟ್ಟ ಶಿಲೆಯೊಳಕ್ಕೆ ಮಳೆನೀರು ಇಳಿದು ಮೂಲೆಗಳನ್ನು ಸವೆಸಿತು. ಸುತ್ತಣ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಉಳಿದವು. ಬಾಳೆದಿಂಡಿನಂತೆ ಪದರ ಪದರವಾಗಿ ಅವು ಇಂದಿಗೂ ಕಳಚುತ್ತಲೇ ಇವೆ. ಇದೇ ಜಿಲ್ಲೆಯ ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾಶಿಲೆಗೆ ಸುಮಾರು 250 ಕೋಟಿ ವರ್ಷ ಪ್ರಾಯವೆನ್ನುತ್ತಾರೆ ಭೂವಿಜ್ಞಾನಿಗಳು.

ಇಂತಹ ಶಿಲೆಯೆದುರು ನಿಂತ ಮನುಷ್ಯನಿಗೆ ತನ್ನ ಹೆಸರನ್ನು ಅದರ ಮೇಲೆ ಗೀಚಬೇಕೆನಿಸುವುದು ವಿಚಿತ್ರ. ಮೊಳೆಯಿಂದ ಕೊರೆದ ಅಕ್ಷರ, ಬಣ್ಣದಲ್ಲಿ ಬಳಿದ ಹೃದಯದ ಗುರುತು, ಊರಿನ ಹೆಸರು, ಇಸವಿ. ‘ಕಲ್ಲಿಗೇನು ನೋವೇ?’ ಎಂಬ ಸಮಾಧಾನ ಬೇರೆ.

ಈ ಪ್ರಶ್ನೆಯನ್ನು ಜಿನಾಗಮವು ಹಗುರವಾಗಿ ಎಣಿಸಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಬಗೆಯ ಸ್ಥಾವರ ಜೀವಿಗಳಿಗೆ ಸ್ಪರ್ಶವೆಂಬ ಒಂದೇ ಇಂದ್ರಿಯ. ಅವು ಓಡಲಾರವು, ಕೂಗಲಾರವು; ಸ್ಪರ್ಶ ಮಾತ್ರ ಉಂಟು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು ಇಲ್ಲಿ ಸೂಕ್ಷ್ಮವಾದೊಂದು ವಿಭಾಗ ಮಾಡಿದ್ದಾರೆ: ಜೀವವು ತೊರೆದುಹೋದ ಮಣ್ಣು-ಕಲ್ಲು ಪೃಥ್ವೀಕಾಯ, ಜೀವವಿರುವುದು ಪೃಥ್ವೀಕಾಯಿಕ. ಆದರೆ ಎದುರಿನ ಬಂಡೆ ಯಾವುದೆಂದು ಬರಿಗಣ್ಣಿನಿಂದ ನಿರ್ಣಯಿಸುವ ಪ್ರವಾಸಿ ಎಲ್ಲಿದ್ದಾನೆ? ಅರಿಯದಿರುವಲ್ಲಿ ಕೈ ತಡೆಯುವುದೇ ಯತ್ನಾಚಾರ.

ಇಲ್ಲಿ ಆಕ್ಷೇಪವೊಂದು ಏಳುವುದು ನ್ಯಾಯವೇ. ಜೈನರೂ ಕಲ್ಲು ಕಡೆಯಲಿಲ್ಲವೇ? ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 58 ಅಡಿಯ ಗೊಮ್ಮಟನನ್ನು ಬೆಟ್ಟದ ಶಿಲೆಯಿಂದಲೇ ಬಿಡಿಸಲಿಲ್ಲವೇ? ಹೌದು. ಮನೆ, ಬಾವಿ, ಬಸದಿಗಳಿಗೆ ಕಲ್ಲು ತೆಗೆಯುವ ಗೃಹಸ್ಥನು ಹಿಂಸೆಯಿಂದ ಪೂರ್ಣ ಮುಕ್ತನಲ್ಲ. ಆದರೆ ಶ್ರಾವಕನ ವ್ರತ ಅವನಿಂದ ಮುನಿಯ ಮಹಾವ್ರತವನ್ನು ಕೇಳುವುದಿಲ್ಲ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡೆಂದು ಕೇಳುತ್ತದೆ. ಅದೇ ಅನರ್ಥದಂಡ ವಿರತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಸುಮ್ಮನೆ ಅಲೆಯುವುದು. ಒಂದು ದಿನದ ವಿಹಾರದಲ್ಲಿ ಜೋಗಿಮಟ್ಟಿಯಂತಹ ಬೆಟ್ಟದ ಮೇಲೆ ಈ ಎಲ್ಲವೂ ಹೇಗೆ ನಡೆದುಹೋಗಬಹುದೆಂದು ನೋಡಿದರೆ, ಆಚಾರ್ಯರು ಇಂದಿನ ಪ್ರವಾಸಿಗನನ್ನೇ ಎದುರಿಗಿಟ್ಟುಕೊಂಡು ಬರೆದರೇನೋ ಎನಿಸೀತು.

ಹೆಸರಿನ ಮಾತು ಇನ್ನೊಂದಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಾಸುಬಂಡೆಯ ಮೇಲೆ ಹೆಸರುಗಳು ಬಹಳ ಇವೆ. ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಮುನಿಗಳ, ಆರ್ಯಿಕೆಯರ, ಶ್ರಾವಕರ ಹೆಸರುಗಳವು. ಅನ್ನವನ್ನೂ ಮಮತೆಯನ್ನೂ ಬಿಟ್ಟವರ ಹೆಸರನ್ನು ಉಳಿದವರು ಭಕ್ತಿಯಿಂದ ಕೆತ್ತಿಸಿದರು. ಏನನ್ನೂ ಬಿಡದವನು ತನ್ನ ಹೆಸರನ್ನು ತಾನೇ ಗೀಚಿಕೊಳ್ಳುವುದು ಮಾನಕಷಾಯದ ಅತಿ ಅಗ್ಗದ ರೂಪ. ಗೀಚಿದ ಪದರವನ್ನು ಬಂಡೆಯೇ ಒಂದು ದಿನ ಕಳಚಿ ಬೀಳಿಸುತ್ತದೆ. ಗೀಚುವಾಗ ಬಂಧಿಸಿದ ಕರ್ಮವು ಅಷ್ಟು ಬೇಗ ಕಳಚಬೇಕೆಂದೇನಿಲ್ಲ.

ದುರ್ಗದ ಬೆಟ್ಟಗಳ ನಡುವೆಯೇ ಚಂದ್ರವಳ್ಳಿಯಿದೆ. ಅಲ್ಲಿನ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಕಿರಿದಾದ ಪ್ರಾಕೃತ ಶಾಸನವಿದೆ. ಅದರಲ್ಲಿ ರಾಜನ ಹೆಸರೂ ಇದೆ, ಅವನು ಮಾಡಿಸಿದ ಕೆರೆಯ ಮಾತೂ ಇದೆ. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಮೊದಲು ಆ ಶಾಸನವನ್ನೂ ಅನಂತರ ಬೇರೆ ಬಂಡೆಯ ಮೇಲಿನ ಗೀಚನ್ನೂ ತೋರಿಸಿ, ಯಾವ ಬರಹದ ಹಿಂದೆ ಯಾರಿಗೆ ನೀರು ದೊರೆಯಿತೆಂದು ಕೇಳಬಹುದು. ಉತ್ತರವನ್ನು ಮಕ್ಕಳೇ ಹೇಳುತ್ತಾರೆ.